ಮೂಲೆಯ ಮಾವಿನಕಾಯಿ

ನನ್ನ ಗಂಡನ ಬಲಮೊಣಕಾಲಿನ ಎಕ್ಸ್‌ರೇಯನ್ನು ಕತ್ತರಿಸಿದ್ದು ನಾನೇ. ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಮೂರು ವರ್ಷದಿಂದ ಬೀರುವಿನ ಮೇಲೆ ಧೂಳು ತಿನ್ನುತ್ತಿದ್ದ ಫಿಲ್ಮು. ಯಾವ ಡಾಕ್ಟರೂ ಅದನ್ನು ಮತ್ತೆ ಕೇಳಿರಲಿಲ್ಲ. ಆದರೆ ನಾನು ಬ್ಲೇಡು ಹಿಡಿದು ಕೂತ ದಿನವೇ ಅವರಿಗೆ ತಮ್ಮ ಮೊಣಕಾಲಿನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿ ಬಂತು.

"ಏನಿದು? ನನ್ನ ಕಾಲು ಕೊಯ್ಯಾಕ ಕುಂತೀಯಲ್ಲ!"

"ಕಾಲು ನಿಮ್ಮ ಹತ್ರಾನ ಐತಲ್ರಿ. ನಾನು ಕೊಯ್ಯೋದು ಬರೇ ಅದರ ಫೋಟೋ."

ಕತ್ತರಿಸುವ ಕೆಲಸ ನನಗೆ ಹೊಸದಲ್ಲ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಕಡೆ ಹದಿನೆಂಟು ವರ್ಷ ಪ್ಯಾಟರ್ನಿನ ರಟ್ಟು ಕತ್ತರಿಸಿದವಳು ನಾನು. ಜೇಬಿನ ರಟ್ಟು ಒಂದು ಕೂದಲೆಳೆ ತಪ್ಪಿದರೂ ನೂರು ಪ್ಯಾಂಟಿನ ಜೇಬು ಸೊಟ್ಟಗಾಗುತ್ತದೆ. ಆ ಕೈಗೆ ಒಂದು ಮಾವಿನಕಾಯಿ ಏನು ಮಹಾ? ಸೀರೆಯ ಅಂಚಿನಲ್ಲಿರುತ್ತದಲ್ಲ, ತುದಿ ಸುರುಳಿ ಸುತ್ತಿದ ಮಾವಿನಕಾಯಿ, ಅದನ್ನು ಮಗಳ ಮದುವೆಯ ಕಾರ್ಡಿನ ನಾಲ್ಕೂ ಮೂಲೆಯಲ್ಲಿ ಉಬ್ಬಿಸಿ ಮೂಡಿಸಬೇಕೆಂದು ಹಟ ಹಿಡಿದಿದ್ದೆ.

ಹಟಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ಇದೇ ಮಗಳಿಗೆ ಒಂದು ಸಂಬಂಧ ಗೊತ್ತಾಗಿತ್ತು. ನಿಶ್ಚಯದ ದಿನ ಒಡೆದ ತೆಂಗಿನಕಾಯಿ ಕೊಳೆತಿತ್ತು. ವಾರ ಕಳೆಯುವುದರೊಳಗೆ ಗಂಡಿನವರಿಂದ "ನಮ್ಮ ಹಿರೇರಿಗೆ ಮನಸ್ಸಿಲ್ಲ" ಎಂದು ಫೋನು ಬಂತು. ಅಷ್ಟರಲ್ಲಿ ನಾವು ಆತುರಪಟ್ಟು ಕಾರ್ಡು ಅಚ್ಚು ಹಾಕಿಸಿಯೂ ಆಗಿತ್ತು. ಆ ಕಟ್ಟನ್ನು ಬಿಚ್ಚಿಯೂ ನೋಡದೆ ನೀರೊಲೆಗೆ ಹಾಕಿದ್ದು ನನ್ನ ಮಗಳೇ. ಅಳಲಿಲ್ಲ, ಬೈಯಲಿಲ್ಲ. ಮರುದಿನ ಎಂದಿನಂತೆ ಸಣ್ಣ ಮಕ್ಕಳ ಶಾಲೆಗೆ ಪಾಠ ಮಾಡಲು ಹೋದಳು. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಈಗ ಮಡಕಶಿರಾ ಕಡೆಯ ಸಂಬಂಧ. ರೇಷ್ಮೆ ಬೆಳೆಯುವ ಮನೆ, ಹುಡುಗ ಒಳ್ಳೆಯವನು. ಈ ಸಲದ ನಿಶ್ಚಯಕ್ಕೆ ನಾನು ಅಂಗಡಿಯಲ್ಲಿ ಹನ್ನೊಂದು ತೆಂಗಿನಕಾಯಿ ಕಿವಿಗೆ ಹಿಡಿದು ಅಲ್ಲಾಡಿಸಿ ಆರಿಸಿದ್ದೆ. ಹಿಂದೆ ಒಂದು ಸಂಬಂಧ ತಪ್ಪಿತ್ತು ಎಂಬುದು ಬೀಗರಿಗೆ ಗೊತ್ತು. ಯಾಕೆ ತಪ್ಪಿತು ಎಂದು ಕೇಳಿದಾಗ "ಹೊಂದಲಿಲ್ಲ" ಎಂದು ಮಾತು ತೇಲಿಸಿದ್ದೆವು. ನಿಜ ಹೇಳಲಿಲ್ಲವೆಂಬ ಅಳುಕು ನನ್ನನ್ನು ಬಿಟ್ಟಿರಲಿಲ್ಲ. ಮಗಳಂತೂ ಮದುವೆಯ ಯಾವ ಕೆಲಸಕ್ಕೂ ಕೈ ಹಾಕುತ್ತಿರಲಿಲ್ಲ. ಕಾರ್ಡು ಅಚ್ಚಾಗಿ ಬಂದರೂ ಮುಟ್ಟಲಿಲ್ಲ. "ನೀನಽ ನೋಡವ್ವ" ಎಂದು ಒಳಗೆ ಹೋಗುತ್ತಿದ್ದಳು. ಮುಟ್ಟಿದರೆ ಇದೂ ಒಲೆ ಸೇರೀತೆಂಬ ಹೆದರಿಕೆ ಅವಳದು. ಅದಕ್ಕೇ ಅಕ್ಷರವಷ್ಟೇ ಅಚ್ಚಿನವರದಾಗಲಿ, ಮೂಲೆಗಳು ನನ್ನ ಕೈಯವೇ ಇರಲಿ, ನೋಡಿದರೆ ಅವಳಿಗೆ ಒಮ್ಮೆಯಾದರೂ ಮುಟ್ಟುವ ಆಸೆಯಾಗಲಿ ಎಂದು ನಾನು ಪಣ ತೊಟ್ಟಿದ್ದೆ.

ಕೆಲಸ ಹೇಳುವಷ್ಟು ಸುಲಭವಿರಲಿಲ್ಲ. ಎಕ್ಸ್‌ರೇಯ ಕಪ್ಪಿನಲ್ಲಿ ಮಾವಿನಕಾಯಿ ಕೊರೆದು, ಅಂಚು ಚುಚ್ಚದಂತೆ ಉಗುರು ತಿಕ್ಕುವ ಅರದಿಂದ ನುಣುಪು ಮಾಡಿದೆ. ಅದನ್ನು ಬೀದಿ ಕಡೆಯ ಕಿಟಕಿಯ ಗಾಜಿಗೆ ಅಂಟಿಸಿದರೆ, ಹೊರಗಿನ ಬಿಸಿಲಿಗೆ ಮೊಣಕಾಲ ಚಿಪ್ಪಿನ ಪಕ್ಕ ಮಾವಿನಕಾಯಿ ಝಗ್ಗನೆ ಬೆಳಗುತ್ತಿತ್ತು. ಅದರ ಮೇಲೆ ಕಾರ್ಡನ್ನು ಬೋರಲು ಹಿಡಿದು, ಇಂಕು ಮುಗಿದ ಬಾಲ್‌ಪೆನ್ನಿನಿಂದ ಬೆನ್ನ ಕಡೆಯಿಂದ ಒತ್ತಬೇಕು. ಕಾಗದ ರಂಧ್ರದೊಳಕ್ಕೆ ತಗ್ಗಿದಷ್ಟೂ ಮುಂದಿನ ಕಡೆ ಉಬ್ಬುತ್ತದೆ. ಮೊದಲ ಹತ್ತು ಕಾರ್ಡು ಹರಿದೇ ಹೋದವು. ಬೆನ್ನಿಗೆ ಮೇಣದಬತ್ತಿ ತಿಕ್ಕಿಕೊಂಡರೆ ಪೆನ್ನು ಜಾರುತ್ತದೆಂದು ಆಮೇಲೆ ಹೊಳೆಯಿತು. ಎಡಮೂಲೆಗೊಂದು, ಬಲಮೂಲೆಗೊಂದು ಎಂದು ಎರಡು ಕೊರೆಯುವುದೂ ಬೇಕಿರಲಿಲ್ಲ. ಫಿಲ್ಮನ್ನು ಮಗುಚಿ ಅಂಟಿಸಿದರೆ ಸುರುಳಿ ಆ ಕಡೆ ತಿರುಗುತ್ತಿತ್ತು.

ಬೀಗರ ಪಾಲಿನ ಐವತ್ತು ಕಾರ್ಡು ಮೊದಲು ಮುಗಿಸಿದೆ. ಅಚ್ಚ ಬಿಳಿಯ ಮೇಲೆ ಬಿಳಿಯ ಉಬ್ಬು. ಬೆರಳಾಡಿಸಿದರೆ ಆಹಾ, ನನಗೇ ನನ್ನ ಮೇಲೆ ಹೆಮ್ಮೆಯಾಗಿ ಎರಡು ದಿನ ನೆಲದ ಮೇಲೆ ಕಾಲಿರಲಿಲ್ಲ.

ಮಡಕಶಿರಕ್ಕೆ ಹೊರಡುವ ದಿನ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬಂದರೆ, ನನ್ನ ಯಜಮಾನರು ಚಾಪೆಯ ಮೇಲೆ ಕಾಲು ನೀಡಿ ಕೂತು, ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು, ಬಹಳ ಭಕ್ತಿಯಿಂದ ಕಾರ್ಡಿನ ಮೂಲೆ ಮೂಲೆಗೂ ಹೆಬ್ಬೆರಳಿನಿಂದ ಒತ್ತುತ್ತಿದ್ದಾರೆ! ಒದ್ದೆ ಅರಿಶಿನ ಕುಡಿದ ಕಾಗದ ಮೆತ್ತಗಾಗಿ, ಮಾವಿನಕಾಯಿ ನನ್ನ ಕಣ್ಣೆದುರೇ ಚಪ್ಪಟೆಯಾಗಿ ಕೂತುಬಿಟ್ಟಿತು. ಇಪ್ಪತ್ತು ಕಾರ್ಡು ಆಗಲೇ ಮುಗಿದಿದ್ದವು.

ಮೈಯೆಲ್ಲ ಉರಿದುಹೋಯಿತು. "ಯಾಕ ಮುಟ್ಟಿದ್ರಿ? ಯಾರು ಹೇಳಿದ್ರು ನಿಮಗ?"

"ಅರಿಶಿಣ ಹಚ್ಚದ ಯಾರಾದ್ರೂ ಲಗ್ನದ ಕಾರ್ಡು ಕೊಡ್ತಾರೇನ? ಬರೇ ಬಿಳೀದು ಕೊಟ್ರ ತಿಥಿ ಕಾರ್ಡು ಅಂತಾರ."

ಅವರ ಮಾತು ಸರಿಯಾಗಿತ್ತು, ಅದೇ ಹೆಚ್ಚು ಸಿಟ್ಟು ತರಿಸಿತು. ನಮ್ಮಲ್ಲಿ ಮದುವೆ ಕಾರ್ಡಿನ ಮೂಲೆಗೆ ಅರಿಶಿನ ಹಚ್ಚುತ್ತಾರೆಂಬುದು ನಾನು ಹುಟ್ಟಿದಾಗಿನಿಂದ ಕಂಡ ವಿಷಯ. ಹೋಗಿ ಹೋಗಿ ಅದೇ ಮೂಲೆಗಳಲ್ಲಿ ಮಾವಿನಕಾಯಿ ಮೂಡಿಸಿದ್ದೆನಲ್ಲ, ನನ್ನ ಬುದ್ಧಿಗೆ ಏನೆನ್ನಲಿ! ಹಚ್ಚಿದರೆ ಉಬ್ಬು ಸಾಯುತ್ತದೆ, ಹಚ್ಚದಿದ್ದರೆ ಅಮಂಗಳ. ಒಳಗಿನ ಬಾಗಿಲಲ್ಲಿ ನಿಂತಿದ್ದ ಮಗಳು ಮುದುಡಿದ ಕಾರ್ಡುಗಳನ್ನು ನೋಡಿದಳು. "ಹೋಗ್ಲಿ ಬಿಡವ್ವ. ನಾನು ಮೊದ್ಲಽ ಅಂದ್ಕೊಂಡಿದ್ದೆ" ಎಂದು ಶಾಲೆಯ ಚೀಲ ಹಾಕಿಕೊಂಡು ಹೊರಟಳು. ಏನು ಅಂದುಕೊಂಡಿದ್ದೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಬರುತ್ತೇವೆಂದು ಹೇಳಿಯಾಗಿತ್ತು, ಹೋಗದೆ ಇರುವಂತಿಲ್ಲ. ಕೆಟ್ಟಿದ್ದು, ಉಳಿದದ್ದು, ಎಲ್ಲವನ್ನೂ ಚೀಲಕ್ಕೆ ತುರುಕಿದೆ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಮಡಕಶಿರಾ ಮುಟ್ಟುವವರೆಗೂ ಗಂಡನ ಜೊತೆ ಒಂದು ಮಾತೂ ಆಡಲಿಲ್ಲ. ಅವರು ಕಡಲೆಬೀಜದ ಪೊಟ್ಟಣ ಮುಂದೆ ಹಿಡಿದರು, ಬೇಡವೆಂದೆ. "ಸರ್ಲೇ, ಬಿಡು" ಎಂದು ಪೂರ್ತಿ ತಾವೇ ತಿಂದರು.

ಹುಡುಗನ ತಾಯಿ ಆಗಷ್ಟೇ ಹುಳುಗಳಿಗೆ ಸೊಪ್ಪು ಹಾಕಿ ಕೈ ತೊಳೆದು ಬಂದಿದ್ದರು. ಮಾತು ಕಡಿಮೆ, ಕಣ್ಣು ಬಹಳ ಚುರುಕು. ನೀರು, ಕಾಫಿ ಆಯಿತು. ತಟ್ಟೆಯಲ್ಲಿ ಎಲೆ ಅಡಿಕೆಯ ಜೊತೆ ಕಾರ್ಡಿನ ಕಟ್ಟಿಟ್ಟು ಕೊಟ್ಟೆ. ಚೆನ್ನಾಗಿದ್ದವನ್ನಷ್ಟೇ ಇಟ್ಟು, ಕೆಟ್ಟವನ್ನು ಚೀಲದಲ್ಲೇ ಉಳಿಸಿದ್ದೆ. ಅವರು ಒಂದು ಕಾರ್ಡು ತೆಗೆದುಕೊಂಡು ಮೂಲೆಯ ಮೇಲೆ ಬೆರಳಾಡಿಸಿದರು. ಹುಬ್ಬು ಗಂಟಾಯಿತು.

"ಅರಿಶಿನ ಹಚ್ಚಿಲ್ವಾ ಅಕ್ಕ?"

ಸುಳ್ಳೊಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬೆಳಗಿನಿಂದ ಹಿಡಿದಿಟ್ಟ ಅಳು ಅದಕ್ಕಿಂತ ಮೊದಲು ಬಂತು. ಚೀಲದಿಂದ ಕೆಟ್ಟ ಇಪ್ಪತ್ತನ್ನೂ ತೆಗೆದು ಅವರ ಮುಂದೆ ಸುರಿದೆ. ನಡೆದದ್ದನ್ನೆಲ್ಲ ಹೇಳಿದೆ. ಅಲ್ಲಿಗೆ ನಿಲ್ಲಬೇಕಲ್ಲ ನನ್ನ ಬಾಯಿ? ಎರಡು ವರ್ಷದ ಹಿಂದಿನ ಕೊಳೆತ ತೆಂಗಿನಕಾಯಿಯನ್ನೂ ಹೇಳಿಬಿಟ್ಟೆ. ಗಂಡ ಕೆಮ್ಮಿದರು, ಮೊಣಕೈಯಿಂದ ತಿವಿದರು, ನಾನು ನಿಲ್ಲಿಸಲಿಲ್ಲ.

ಆ ತಾಯಿ ಕೈಯಲ್ಲಿದ್ದ ಕಾರ್ಡನ್ನು ಕೆಳಗಿಟ್ಟರು. ಎದ್ದು ಅಡುಗೆಮನೆಗೆ ಹೋದರು. ನಮ್ಮ ಕತೆ ಮುಗಿಯಿತೆಂದುಕೊಂಡು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಅವರು ಬಂದದ್ದು ಅರಿಶಿನದ ಡಬ್ಬಿ ಹಿಡಿದು. ಒಂದು ಚಿಟಿಕೆ ಒಣಪುಡಿಯನ್ನು ಚೆನ್ನಾಗಿದ್ದ ಕಾರ್ಡಿನ ಮೂಲೆಗೆ ಉದುರಿಸಿ, ಬೆರಳ ತುದಿಯಲ್ಲಿ ಹಗುರವಾಗಿ ಉಜ್ಜಿ, ಉಫ್ ಎಂದು ಊದಿದರು. ಉಬ್ಬಿದ ಗೆರೆಗಳಷ್ಟೇ ಹಳದಿ ಹಿಡಿದು, ಸುರುಳಿಯ ಸಮೇತ ಮಾವಿನಕಾಯಿ ಎದ್ದು ನಿಂತಿತು! ಬಿಳಿಯ ಮೇಲೆ ಬಿಳಿಯಿದ್ದಾಗ ಅರ್ಧ ಕಾಣದಿದ್ದದ್ದು ಈಗ ಬಾಗಿಲಿನಿಂದಲೂ ಕಾಣುವಂತಿತ್ತು.

"ಚಿಕ್ಕೋರಿದ್ದಾಗ ನಾಕಾಣೆ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ತಿರ್ಲಿಲ್ವಾ ಅಕ್ಕ? ಅದೇ ಕಣಕ್ಕ ಇದು. ಒದ್ದೆ ಯಾಕೆ ಬೇಕು?" ಎಂದರು. ಇನ್ನೊಂದು ಕಾರ್ಡು ಎತ್ತಿಕೊಂಡು, ನನ್ನ ಮುಖ ನೋಡದೆಯೇ ಹೇಳಿದರು: "ಕಾಯಿ ಕೊಳ್ತಿದ್ರೆ ಇನ್ನೊಂದು ತರ್ಸಿ ಒಡೀಬೇಕು. ಅದುಕ್ಕೋಸ್ಕರ ಹುಡುಗೀನ ಬಿಡ್ತಾರಾ ಯಾರಾದ್ರೂ?"

ಎರಡು ವರ್ಷ, ಎರಡು ಇಡೀ ವರ್ಷ, ಇಷ್ಟು ಸಣ್ಣ ಮಾತು ನಮಗೆ ಯಾರೂ ಹೇಳಿರಲಿಲ್ಲ. ನಾನೂ ನನ್ನ ಮಗಳಿಗೆ ಹೇಳಿರಲಿಲ್ಲ. ಎದೆಯ ಮೇಲಿನ ಭಾರವೆಲ್ಲ ಒಮ್ಮೆಗೇ ಇಳಿದು, ಮತ್ತೆ ಅತ್ತೆ. ಈ ಸಲದ ಅಳು ಸುಖವಾಗಿತ್ತು. ಕೆಟ್ಟ ಇಪ್ಪತ್ತರಲ್ಲಿ ಒಂದನ್ನು ಅವರು ದೇವರ ಮುಂದಿಟ್ಟರು. "ಹುಡುಗಿ ಅಪ್ಪ ಕೈಯಾರೆ ಹಚ್ಚಿದ್ದು, ಇದೂ ಇರ್ಲಿ" ಎಂದರು. ಗಂಡ ನನ್ನ ಕಡೆ ತಿರುಗಿ ಮೀಸೆಯಲ್ಲೇ ನಕ್ಕರು. ಬರುವಾಗ ಬಸ್ಸಿನಲ್ಲಿ ಕಡಲೆಬೀಜ ನಾನೇ ಕೊಡಿಸಿದೆ.

ಮನೆಗೆ ಬಂದಾಗ ಮಗಳು ಶಾಲೆಯಿಂದ ಬಂದು ಹೊಸ್ತಿಲಲ್ಲೇ ಕೂತಿದ್ದಳು. ನಾನು ಬೀಗಿತ್ತಿಯ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಅವಳು ಹೊಸ್ತಿಲನ್ನೇ ನೋಡುತ್ತ, "ಇನ್ನೊಂದು ತರ್ಸಿ ಒಡೀಬೇಕು ಅಂದ್ರಾ?" ಎಂದು ಎರಡು ಸಲ ಕೇಳಿದಳು. ಹೌದು, ಹಾಗೇ ಅಂದರು ಎಂದು ನಾನೂ ಎರಡು ಸಲ ಹೇಳಿದೆ.

ಮರುದಿನ ಭಾನುವಾರ. ನಮ್ಮ ಪಾಲಿನ ಕಾರ್ಡಿಗೆ ಕಿಟಕಿಯ ಬಳಿ ಮಾವಿನಕಾಯಿ ಒತ್ತುತ್ತಿದ್ದೆ. ಮಗಳು ಬಂದು ಪಕ್ಕದಲ್ಲಿ ಕೂತಳು. ಮಸಾಲೆ ಡಬ್ಬಿಯಿಂದ ಅರಿಶಿನದ ಬಟ್ಟಲನ್ನೇ ಎತ್ತಿ ತಂದಿದ್ದಳು. ಒಂದು ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು, ಪುಡಿ ಉದುರಿಸಿ, ಮೆಲ್ಲಗೆ ಉಜ್ಜಿ ಊದಿದಳು. ನಾನು ನೋಡದವಳಂತೆ ನನ್ನ ಕೆಲಸ ಮಾಡುತ್ತಿದ್ದೆ. ನಾಲ್ಕೂ ಮೂಲೆ ಮುಗಿಸಿ ಅದನ್ನು ಬೆಳಕಿಗೆ ಹಿಡಿದಳು.

"ಅವ್ವ, ನಮ್ಮ ಶಾಲಿ ಟೀಚರಮ್ಮಾರಿಗೆ ಹದಿನೈದು ಬೇಕು. ಲಗೂ ಲಗೂ ಒತ್ತು."