ಒಂದು ಈ ಕಡೆ, ಒಂದು ಆ ಕಡೆ

ಸಾರಕ್ಕಿಯ ಜಿಮ್‌ನಲ್ಲಿ ನನಗೆ ಬಾರ್ಬೆಲ್ ಎತ್ತೋದು ಕಲಿಸಿದ ಕೋಚ್, ಅದರ ಒಂದೇ ಬದಿಯಿಂದ ಎರಡು ತೂಕದ ಪ್ಲೇಟ್ ಒಟ್ಟಿಗೆ ತೆಗೆದದ್ದನ್ನು ನಾನು ನೋಡಿಲ್ಲ. ಈ ತುದಿಯಿಂದ ಒಂದು ಬಿಚ್ಚಿ, ಬಾರ್ಬೆಲ್ ಇಟ್ಟಿದ್ದ ಸ್ಟ್ಯಾಂಡ್ ಸುತ್ತಿ ಹೋಗಿ ಆ ತುದಿಯಿಂದ ಒಂದು ಬಿಚ್ಚೋರು. 'ಒಂದು ಈ ಕಡೆ, ಒಂದು ಆ ಕಡೆ ಸಾರ್' ಅನ್ನೋರು. ಇಷ್ಟೊಂದು ಓಡಾಟ ಯಾಕೋ ಅನಿಸುತ್ತಿತ್ತು. ಗೋಡೆಯ ಕನ್ನಡಿ ಮೇಲೆ ಕ್ಯಾಲೆಂಡರ್ ಯಾಕೆ ನೇತುಹಾಕಿದ್ದಾರೆ ಅನ್ನೋದೂ ತಿಳಿದಿರಲಿಲ್ಲ.

ಒಂದು ದಿನ ಅವಸರದಲ್ಲಿ ಒಂದು ಬದಿಯ ಪ್ಲೇಟುಗಳನ್ನೆಲ್ಲ ತೆಗೆದುಬಿಟ್ಟೆ. ಭಾರ ಉಳಿದ ತುದಿ ಧಡಾರನೆ ನೆಲಕ್ಕೆ ಬಿತ್ತು, ಖಾಲಿ ತುದಿ ನನ್ನ ಕಿವಿ ಪಕ್ಕದಲ್ಲೇ ಮೇಲಕ್ಕೆ ಹಾರಿತು. ಕೋಚ್ ಬೈತಾರೆ ಅಂದುಕೊಂಡೆ. ಅವರು ಕನ್ನಡಿ ಹತ್ತಿರ ಹೋಗಿ ಕ್ಯಾಲೆಂಡರ್ ಎತ್ತಿದರು. ಕನ್ನಡಿಯಲ್ಲಿ ಮುಷ್ಟಿಯಷ್ಟು ತೂತು, ಸುತ್ತ ಬಿರುಕು.

'ನಾನೂ ಹೀಗೇ ಕಲ್ತಿದ್ದು ಸಾರ್' ಅಂದರು.