ಗೊಂಬೆಗಳ ಬಟ್ಟಲಿಗೆ ನೀರು

ಬೆಳಕು ಹರಿಯುವ ಮುಂಚೆ ಅವಳು ಮುಗಿಸಬೇಕಾದ ಕೆಲಸಗಳು: ಹಾಲು ಕಾಯಿಸುವುದು, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕುವುದು, ನೆನೆಹಾಕಿದ ಬಟ್ಟೆ ಹಿಂಡಿ ಹರವುವುದು, ಗಂಡನ ಡಬ್ಬಿಗೆ ತರಕಾರಿ ಹೆಚ್ಚುವುದು, ಅವನ ಅಂಗಿಗೆ ಇಸ್ತ್ರಿ ಹಾಕುವುದು, ಆಮೇಲೆ ಗೊಂಬೆಗಳಿಗೆ ನೀರಿಡುವುದು.

ಕೊನೆಯ ಕೆಲಸ ಕೇಳಿದವರು ನಗುತ್ತಾರೆ. ನಗುವವರಿಗೇನು, ಬಗ್ಗಿ ಏಳುವ ಸೊಂಟ ಅವರದಲ್ಲವಲ್ಲ. ಆ ಮನೆಯ ಮುಂದಿನ ಹಾಲ್ ತುಂಬ ಗಾಜಿನ ಬೀರುಗಳು, ಬೀರುಗಳ ತುಂಬ ಜಪಾನಿನ ಹಳೆಯ ಗೊಂಬೆಗಳು. ಕಪ್ಪೆಚಿಪ್ಪಿನ ಪುಡಿಯನ್ನು ಅಂಟಿನಲ್ಲಿ ಕಲಸಿ, ಪದರದ ಮೇಲೆ ಪದರ ಬಳಿದು ಮಾಡಿದ ಬಿಳಿ ಮುಖಗಳು. ಗಾಳಿ ಒಣಗಿದರೆ ಮುಖ ಬಿರುಕು ಬಿಡುತ್ತದೆ. ಅದಕ್ಕೇ ಪ್ರತಿ ಬೀರುವಿನ ಮೂಲೆಯಲ್ಲೂ ಒಂದು ಪುಟ್ಟ ಬಟ್ಟಲು. ದಿನಾ ಹಳೆಯ ನೀರು ಚೆಲ್ಲಿ, ಬಟ್ಟಲು ಒರೆಸಿ, ಹೊಸ ನೀರು ತುಂಬಬೇಕು. ಒಂದು ಹನಿಯೂ ಗೊಂಬೆಗಳ ರೇಷ್ಮೆ ಉಡುಪಿನ ಮೇಲೆ ಬೀಳಬಾರದು.

"ಈ ಮನೇಲಿ ಬೆಳಗಾಗೆದ್ದು ಮೊದಲು ನೀರು ಕುಡಿಯೋರು ಗಂಟಲಿಲ್ಲದೋರು," ಎಂದು ಅತ್ತೆ ಹಾಸಿಗೆಯಿಂದಲೇ ಗೊಣಗುತ್ತಾರೆ. "ನಾನೂ ಹಳೇ ಕಾಲದೋಳೇ. ನನಗ್ಯಾವಾಗಮ್ಮ ಗಾಜಿನ ಬೀರು?"

"ನಿಮ್ಮ ಮಗನ್ನ ಕೇಳಿ ಅತ್ತೆ."

"ಕೇಳ್ತಿದ್ದೆ. ಒಳಗೆ ಕೂರಿಸಿ ಬೀಗ ಹಾಕಿಬಿಟ್ರೆ ಅಂತ ಭಯ."

ಗೊಂಬೆಗಳಾದ ಮೇಲೆ ಪಿಂಗಾಣಿ. ಚೀನಾದ ನೀಲಿ ಹೂವಿನ ಹೂಜಿಗಳು, ತಟ್ಟೆಗಳು, ಹಿಂದೆ ಬೆರಳಿಟ್ಟರೆ ನೆರಳು ಕಾಣುವಷ್ಟು ತೆಳುವಾದ ಕಪ್ಪುಗಳು. ಉಂಗುರ ಕಳಚಿಟ್ಟು ಮುಟ್ಟಬೇಕು. ಹಿಡಿ ಹಿಡಿದು ಎತ್ತುವ ಹಾಗಿಲ್ಲ, ಎರಡೂ ಕೈಯಲ್ಲಿ ಹಸುಗೂಸಿನ ಹಾಗೆ ಎತ್ತಬೇಕು. ಬೇಸಿನ್ನಿನೊಳಗೆ ಟವೆಲ್ ಹಾಸಿ ಒಂದೊಂದಾಗಿ ತೊಳೆಯಬೇಕು. ಇದನ್ನೆಲ್ಲ ಅವಳಿಗೆ ಹೇಳಿಕೊಟ್ಟವನು ಗಂಡ. ಹೇಳಿಕೊಟ್ಟಲ್ಲಿಗೆ ಅವನ ಪಾಲಿನ ಕೆಲಸ ಮುಗಿಯಿತು. ಅವನು ವಿಮಾ ಆಫೀಸಿನ ಮ್ಯಾನೇಜರು. ಯಾರದಾದರೂ ಹಳೆಯ ಬಂಗಲೆ ಖಾಲಿಯಾಗುತ್ತಿದೆ ಎಂದು ಕಿವಿಗೆ ಬಿದ್ದರೆ ಸಾಕು, ಊಟ ಬಿಟ್ಟು ಓಡುತ್ತಾನೆ.

ಅವಳಿಗೂ ಒಂದು ಕಸುಬಿದೆ. ರಫು ಮಾಡುತ್ತಾಳೆ. ಇಲಿ ಕಡಿದ ಕೋಟು, ಇಸ್ತ್ರಿ ಸುಟ್ಟ ಸೀರೆ, ಮೊಳೆಗೆ ಸಿಕ್ಕಿ ಹರಿದ ಶಾಲು, ಎಲ್ಲವನ್ನೂ ಅದೇ ಬಟ್ಟೆಯ ಅಂಚಿನಿಂದ ನೂಲು ಕಿತ್ತು, ಎಳೆಗೆ ಎಳೆ ಹೆಣೆದು ತೂತು ಮುಚ್ಚುತ್ತಾಳೆ. ಬೀದಿಯವರಿಗೆಲ್ಲ ಅವಳು ರಫು ಅಕ್ಕ. ಈ ಕೆಲಸದ ಕಷ್ಟವೇನೆಂದರೆ ಚೆನ್ನಾಗಿ ಮಾಡಿದಷ್ಟೂ ಕಾಣುವುದಿಲ್ಲ. ಇನ್ನೊಂದು ಕಷ್ಟ, ಹಗಲ ಬೆಳಕಿಲ್ಲದೆ ಆಗುವುದಿಲ್ಲ. ಒಮ್ಮೆ ಟ್ಯೂಬ್‌ಲೈಟಿನ ಕೆಳಗೆ ಕೂತು ವಕೀಲರೊಬ್ಬರ ಕರಿ ಕೋಟಿಗೆ ಕರಿ ನೂಲೆಂದು ಹಾಕಿ ಮುಗಿಸಿದಳು. ಬಿಸಿಲಿಗೆ ಹಿಡಿದರೆ ಮೊಣಕೈ ಮೇಲೆ ನೀಲಿ ಮಚ್ಚೆ. ವಕೀಲರು ಮತ್ತೆ ಆ ಬಾಗಿಲಿಗೆ ಬರಲಿಲ್ಲ.

ಆದರೆ ಬೆಳಕು ಬಿದ್ದರೆ ಗೊಂಬೆಗಳ ರೇಷ್ಮೆ ಬಣ್ಣಗೆಡುತ್ತದೆ. ಹಾಗಾಗಿ ಹಾಲಿನ ದೊಡ್ಡ ಕಿಟಕಿಗೆ ಎರಡು ಪದರದ ಪರದೆ ಬಂತು. ಮಲಗುವ ಕೋಣೆಗೂ ಗೊಂಬೆಗಳು ಹರಡಿದ ಮೇಲೆ ಅಲ್ಲಿಗೂ ಬಂತು. ಪರದೆ ಹೊಲಿದವಳು ಅವಳೇ. ಕೊನೆಗೆ ಉಳಿದದ್ದು ಹಿಂದಿನ ಚಿಕ್ಕ ಕೋಣೆಯ ಕಿಟಕಿ ಒಂದೇ. ಅದರ ಪಕ್ಕ ಒಂದು ಕುರ್ಚಿ, ನೂಲಿನ ಡಬ್ಬಿ, ಅವಳು.

ಆ ಭಾನುವಾರ ಗಂಡನ ಸಂಗ್ರಾಹಕರ ಸಂಘದವರು ಗೊಂಬೆ ನೋಡಲು ಬಂದರು. ಸಂಘ ಎಂದರೆ ಮೂವರು. ಅವರಲ್ಲಿ ಹಿರಿಯರಾದ ಹಲ್ಲಿನ ಡಾಕ್ಟರು ಜೇಬಿನಿಂದ ಭೂತಗನ್ನಡಿ ತೆಗೆದು ಒಂದು ರಾಜಕುಮಾರಿ ಗೊಂಬೆಯ ಮುಂದೆ ಬಗ್ಗಿದರು.

"ಅಬ್ಬಾ! ಇಷ್ಟು ಹಳೇ ರೇಷ್ಮೆ, ತೋಳಲ್ಲಿ ಒಂದು ಹರುಕಿಲ್ಲವಲ್ಲ ಸ್ವಾಮಿ!"

"ನೋಡ್ಕೊಳ್ಳೋದ್ರಲ್ಲಿದೆ ಡಾಕ್ಟ್ರೇ," ಎಂದ ಗಂಡ. "ಮಕ್ಕಳ ಥರ ನೋಡ್ಕೊಂಡಿದ್ದೀನಿ."

ಟ್ರೇ ಹಿಡಿದು ಬಂದ ಅವಳು ಬಾಗಿಲಲ್ಲೇ ನಿಂತಳು. ಆ ತೋಳು ಅಂಗೈಯಗಲ ಹರಿದಿತ್ತು. ಮಳೆಗಾಲವಿಡೀ ಕೂತು ಕೂದಲಿಗಿಂತ ಸಣ್ಣ ನೂಲಿನಲ್ಲಿ ಅದನ್ನು ಮುಚ್ಚಿದ್ದಳು. ಗಂಡನ ಮುಖ ನೋಡಿದಳು. ಸುಳ್ಳು ಹೇಳುವವನ ಮುಖವಾಗಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಮರೆತುಹೋಗಿತ್ತು.

ಟ್ರೇಯಲ್ಲಿದ್ದದ್ದು ಕಾಗದದ ಲೋಟಗಳು. ಗೋಡೆಯಿಂದ ಗೋಡೆಗೆ ಕಪ್ಪುಗಳು ತುಂಬಿದ ಮನೆಯಲ್ಲಿ ನೆಂಟರಿಗೆ ಚಹ ಕೊಡುವುದು ಕಾಗದದ ಲೋಟದಲ್ಲಿ. ಬಳಸುವ ಕಪ್ಪುಗಳನ್ನು ಇಡಲು ಜಾಗವೇ ಉಳಿದಿರಲಿಲ್ಲ.

"ಕಡಲೆ ಇದೆ, ಹಲ್ಲೂ ಇದೆ, ತಿನ್ನೋಕೆ ಮಾತ್ರ ಬಿಡಲ್ಲ," ಎಂದು ಅತ್ತೆ ಮೂಲೆಯಿಂದ ಹೇಳಿದರು. ಹಲ್ಲಿನ ಡಾಕ್ಟರು ತಮಗೇ ಹೇಳಿದ್ದೆಂದು ತಿಳಿದು ಮೆಲ್ಲಗೆ ನಕ್ಕರು.

ಅವರು ಹೊರಟ ಮೇಲೆ ಗಂಡ ಗೆಲುವಾಗಿದ್ದ. ಅಡುಗೆಮನೆಯ ತನಕ ಬಂದು ನಿಂತ. ಅವನು ಅಲ್ಲಿಗೆ ಬಂದನೆಂದರೆ ಏನೋ ಕಾದಿದೆ ಎಂದೇ ಅರ್ಥ.

"ನೋಡೇ, ನಾಳೆ ಬಡಗಿ ಬರ್ತಾನೆ. ರಾಜ, ರಾಣಿ, ವಾದ್ಯದೋರು, ಇಡೀ ಆಸ್ಥಾನದ ಸೆಟ್ಟು ಸಿಕ್ಕಿದೆ. ಮೆಟ್ಟಿಲು ಮೆಟ್ಟಿಲಾಗಿ ಕೂರಿಸೋ ಬೀರು ಮಾಡ್ಸಿದ್ದೀನಿ. ಹಿಂದಿನ ರೂಮಲ್ಲಿ, ಕಿಟಕಿಗೆ ಅಡ್ಡ."

"ಕಿಟಕಿಗೆ ಅಡ್ಡ ಇಟ್ರೆ ನನ್ನ ಕೆಲಸ?"

"ನಿನಗೆ ಸ್ಟೋರ್ ರೂಮಿದೆಯಲ್ಲ! ಎಷ್ಟು ತಂಪು ಗೊತ್ತಾ? ಬಿಸಿಲು ಬೀಳಲ್ಲ, ಧೂಳು ಬರಲ್ಲ, ಯಾರೂ ಹೋಗಿ ಬಂದು ಮಾಡಲ್ಲ. ಟ್ಯೂಬ್‌ಲೈಟ್ ಹಾಕಿಸ್ಕೊಡ್ತೀನಿ."

"ರೀ, ಟ್ಯೂಬ್‌ಲೈಟಲ್ಲಿ ಬಣ್ಣ ತಿಳಿಯಲ್ಲ ಅಂತ ಎಷ್ಟು ಸಲ..."

"ಎರಡು ಟ್ಯೂಬ್‌ಲೈಟ್ ಹಾಕಿಸ್ತೀನಿ ಬಿಡು," ಎಂದ, ದೊಡ್ಡ ಮನಸ್ಸು ಮಾಡಿದವನ ಹಾಗೆ.

ಅವಳು ನಲ್ಲಿ ತಿರುಗಿಸಿದಳು. ಕಲ್ಲಿಗೆ ಹೇಳಿದರೆ ಕಲ್ಲಾದರೂ ಬೆಚ್ಚಗಾಗುತ್ತದೆ ಎಂದುಕೊಂಡು ಪಾತ್ರೆ ಉಜ್ಜಿದಳು.

ಬೆಳಿಗ್ಗೆ ಎಂದಿನಂತೆ ಹಾಲು, ಎಣ್ಣೆ, ಬಟ್ಟೆ, ಡಬ್ಬಿ, ಇಸ್ತ್ರಿ, ನೀರು. ಗಂಡ ತಾಯಿಯನ್ನು ಚಿಕ್ಕಮ್ಮನ ಮನೆಗೆ ಬಿಟ್ಟು ಹಾಗೆಯೇ ಆಫೀಸಿಗೆ ಹೋಗುವವನಿದ್ದ. "ಬಡಗಿ ಬಂದಾಗ ಪಕ್ಕದಲ್ಲೇ ನಿಂತಿರು, ಅವರಿಗೆ ಬಿಟ್ರೆ ಎಲ್ಲೆಲ್ಲೋ ಇಟ್ಟುಬಿಡ್ತಾರೆ," ಎಂದು ಹೇಳಿ ಹೋದ.

ಅವಳು ಸ್ಟೋರ್ ರೂಮಿನ ಬಾಗಿಲು ತೆಗೆದಳು. ತನ್ನ ಕುರ್ಚಿ ಎಲ್ಲಿ ಹಿಡಿಸುತ್ತದೆ ಎಂದು ನೋಡಲೆಂದೇ ತೆಗೆದದ್ದು. ಉದ್ದನೆಯ ಕೋಣೆ, ಹಳೆಯ ಪತ್ರಿಕೆಗಳ ಕಟ್ಟು, ಮುರುಕು ಸೂಟ್‌ಕೇಸು, ಗೊಂಬೆಗಳು ಬಂದ ಖಾಲಿ ಪೆಟ್ಟಿಗೆಗಳು. ಗೋಡೆ ಮುಟ್ಟಿದಳು. ಒದ್ದೆಯಿಲ್ಲ, ಒಣಗಿಯೂ ಇಲ್ಲ, ಹಿತವಾದ ತಂಪು. ಬಿಸಿಲು ಬೀಳಲ್ಲ, ಧೂಳು ಬರಲ್ಲ, ಯಾರೂ ಹೋಗಿ ಬಂದು ಮಾಡಲ್ಲ.

ಈ ಮಾತನ್ನು ಇಷ್ಟು ವರ್ಷ ಅವನ ಬಾಯಲ್ಲಿ ಕೇಳಿದ್ದಳು. ಗೊಂಬೆಗಳಿಗೆ ಏನು ಬೇಕು ಎಂದು ಯಾರು ಕೇಳಿದರೂ ಅವನು ಹೇಳುತ್ತಿದ್ದದ್ದು ಇದನ್ನೇ.

ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು. ಕತ್ತಲು ಬೇಕಾದವರು ಹಾಲಿನ ಕಿಟಕಿ ಹಿಡಿದು ಕೂತಿದ್ದಾರೆ. ಬೆಳಕು ಬೇಕಾದವಳು ಗವಿಗೆ ಹೊರಟಿದ್ದಾಳೆ. ಇಷ್ಟು ಸಣ್ಣ ವಿಷಯ ಇಬ್ಬರಿಗೂ ಹೊಳೆದಿರಲಿಲ್ಲವಲ್ಲ! ಅವನಿಗೆ ಹೊಳೆಯದಿದ್ದದ್ದು ಸರಿ. ತನಗೆ?

ಎದ್ದು ಪತ್ರಿಕೆಗಳನ್ನು ಹೊರಗೆಳೆದಳು. ಸೂಟ್‌ಕೇಸನ್ನೂ ಎಳೆದಳು. ನೆಲ ಒರೆಸುವಷ್ಟರಲ್ಲಿ ಬಡಗಿ ತನ್ನ ಜೊತೆಗಾರನೊಂದಿಗೆ ಬೀರು ಹೊತ್ತು ಬಾಗಿಲಿಗೆ ಬಂದ.

"ಅಕ್ಕ, ಹಿಂದಿನ ರೂಮು ತಾನೆ? ಕಿಟಕಿಗೆ ಅಡ್ಡ ಅಂದಿದ್ರು ಸಾಹೇಬ್ರು."

"ಇಲ್ಲಿ ಇಡಿ. ಸ್ಟೋರ್ ರೂಮಲ್ಲಿ."

ಬಡಗಿ ಒಳಗೆ ಇಣುಕಿದ. "ಇಲ್ಲಿ ಇಟ್ರೆ ಯಾರಿಗೆ ಕಾಣ್ಸುತ್ತೆ?"

"ನೋಡ್ಬೇಕು ಅನ್ನೋರು ಬಂದು ನೋಡ್ತಾರೆ."

"ಸಾಹೇಬ್ರಿಗೆ ಒಂದು ಫೋನ್ ಮಾಡಿ ಕೇಳ್ಬಿಡಿ ಅಕ್ಕ. ಆಮೇಲೆ ನನ್ನ ಮೇಲೆ ಬರುತ್ತೆ."

ಫೋನು ಮೇಜಿನ ಮೇಲೇ ಇತ್ತು. ಅವನು ಏನು ಹೇಳುತ್ತಾನೆಂದು ಅವಳಿಗೆ ಗೊತ್ತಿತ್ತು. ಟ್ಯೂಬ್‌ಲೈಟು ಮೂರಾಗುತ್ತಿತ್ತು, ಅಷ್ಟೇ.

"ಕೇಳೋದೇನೂ ಇಲ್ಲ," ಎಂದಳು. "ನನ್ನ ಮೇಲೇ ಬರ್ಲಿ. ಇದು ಮುಗಿದ ಮೇಲೆ ಹಾಲಲ್ಲಿರೋ ಗೊಂಬೆ ಬೀರುಗಳನ್ನೂ ಒಳಗೆ ತಳ್ಳಿಕೊಡಿ. ತಡೀರಿ, ಮೊದಲು ಗೊಂಬೆಗಳನ್ನ ಈಚೆ ತೆಗೀತೀನಿ."

ಉಂಗುರ ಕಳಚಿಟ್ಟಳು. ಒಂದೊಂದೇ ಗೊಂಬೆಯನ್ನು ಸೊಂಟದ ಕೆಳಗೆ ಕೈಕೊಟ್ಟು ಎತ್ತಿ, ಮುಖಕ್ಕೆ ಬೆರಳು ತಾಗದಂತೆ ಹಾಸಿಗೆಯ ಮೇಲೆ ಮಲಗಿಸಿದಳು. ಇವುಗಳ ತಪ್ಪೇನಿದೆ, ಪಾಪ. ರಾಜಕುಮಾರಿಯ ತೋಳನ್ನು ಮಾತ್ರ ಒಂದು ಕ್ಷಣ ಸವರಿದಳು. ಎಲ್ಲಿ ಹರಿದಿತ್ತೆಂದು ಅವಳ ಬೆರಳಿಗೂ ಸಿಗಲಿಲ್ಲ.

ಬಡಗಿ ಹೋದ ಮೇಲೆ ಗೊಂಬೆಗಳನ್ನೆಲ್ಲ ತಂಪು ಕತ್ತಲೆಯಲ್ಲಿ ಕೂರಿಸಿ, ಬಟ್ಟಲುಗಳಿಗೆ ನೀರು ತುಂಬಿ, ಬಾಗಿಲು ಮುಂದೆ ಮಾಡಿದಳು. ನೀರಿನ ಹೂಜಿ, ಬಟ್ಟಲು ಒರೆಸುವ ಬಟ್ಟೆ ಕೈಯಲ್ಲೇ ಉಳಿದಿದ್ದವು. ಎಂದಿನಂತೆ ಅಡುಗೆಮನೆಗೆ ಒಯ್ಯಲು ಎರಡು ಹೆಜ್ಜೆ ಇಟ್ಟವಳು ತಿರುಗಿ, ಅವನ್ನು ಒಯ್ದು ಗಂಡನ ದಿಂಬಿನ ಪಕ್ಕದ ಸ್ಟೂಲಿನ ಮೇಲೆ, ಅವನ ಅಲಾರಾಂ ಗಡಿಯಾರಕ್ಕೆ ಒತ್ತಿ ಇಟ್ಟಳು.

ಆಮೇಲೆ ಹಾಲಿನ ಪರದೆ ಎಳೆದಳು. ಧೂಳು ಎದ್ದಿತು, ಎರಡು ಸಲ ಸೀನಿದಳು. ಕುರ್ಚಿ ತಂದು ಹಾಕಿಕೊಂಡು, ದರ್ಜಿ ಅಂಗಡಿಯವನು ಕಪ್ಪು ಎಂದು ಕೊಟ್ಟುಹೋಗಿದ್ದ ಕೋಟನ್ನು ಬೆಳಕಿಗೆ ಹಿಡಿದಳು.

ಕಪ್ಪಲ್ಲ, ಗಾಢ ಹಸಿರು. ನೂಲಿನ ಡಬ್ಬಿ ಮಡಿಲಿಗೆ ಎಳೆದುಕೊಂಡಳು.