ಪೂರ್ವಕ್ಕಿದ್ದ ಕಡಲು

ಮದುವೆಯಾದ ಹೊಸದರಲ್ಲಿ ನಾನು ಮೂರು ತಿಂಗಳ ವಿಸಿಟ್ ವೀಸಾದ ಮೇಲೆ ದೋಹಾಕ್ಕೆ ಬಂದಿದ್ದೆ. ವಾಪಸು ಹೋಗುವ ಟಿಕೆಟ್ಟೂ ಕೈಯಲ್ಲೇ ಇತ್ತು. ಮೈಸೂರಿನಲ್ಲಿ ನಾನು ಪಾಠ ಹೇಳುತ್ತಿದ್ದ ಶಿಶುವಿಹಾರದ ದೊಡ್ಡ ಟೀಚರು, "ಡಿಸೆಂಬರ್‌ವರೆಗೂ ನಿನ್ನ ಜಾಗ ಹಾಗೇ ಇಟ್ಟಿರ್ತೀನಿ" ಎಂದಿದ್ದರು. ಹಿಡಿಸಿದರೆ ದೋಹಾದಲ್ಲೇ ಉಳಿಯುವ ವೀಸಾ ಮಾಡಿಸುವುದು, ಹಿಡಿಸದಿದ್ದರೆ ನಾನು ಮೈಸೂರಿನಲ್ಲಿ, ಅವರು ಇಲ್ಲಿ, ವರ್ಷಕ್ಕೊಂದು ರಜೆ. ಹೀಗೆಂದು ಎರಡೂ ಮನೆಯ ಹಿರಿಯರು ಮಾತಾಡಿಕೊಂಡಿದ್ದರು. ನನ್ನ ಗಂಡ ಮಾತ್ರ ಆ ಮಾತನ್ನು ಬಾಯಿಬಿಟ್ಟು ಎತ್ತಲಿಲ್ಲ. ಎತ್ತಿದರೆ ಎಲ್ಲಿ ನಾನು ಹೋಗುತ್ತೇನೆ ಅಂದುಬಿಡುತ್ತೇನೋ ಎಂಬ ಅಂಜಿಕೆ. ಅದರ ಬದಲು ಶುಕ್ರವಾರ ಬಂತೆಂದರೆ ನನ್ನನ್ನು ಊರು ಸುತ್ತಿಸುತ್ತಿದ್ದರು. ಇವಳಿಗೆ ಈ ಊರು ಇಷ್ಟವಾಗಲಿ ದೇವರೇ ಎಂದು ಅವರು ಹರಕೆ ಹೊತ್ತವರ ಹಾಗೆ ಓಡಾಡುತ್ತಿದ್ದುದು ನನಗೆ ತಿಳಿಯುತ್ತಿರಲಿಲ್ಲವೇ.

ನಮ್ಮದು ದೋಹಾದ ನಜ್ಮಾ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಕೆಳಗೆ ಟೈಲರ್ ಅಂಗಡಿ, ಪಕ್ಕದಲ್ಲಿ ಮಲಯಾಳಿಗಳ ಕೆಫೆಟೇರಿಯಾ. ಅವರ ಕೆಲಸ ಒಂದು ಟ್ರೇಡಿಂಗ್ ಕಂಪನಿಯ ಲೆಕ್ಕದ ವಿಭಾಗದಲ್ಲಿ. ಬೆಳಿಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ಬರುತ್ತಿದ್ದರು. ಮತ್ತೆ ನಾಲ್ಕಕ್ಕೆ ಹೋದರೆ ಮರಳುವಾಗ ಎಂಟು ದಾಟುತ್ತಿತ್ತು. ಶುಕ್ರವಾರ ಒಂದೇ ರಜೆ. ಉಳಿದ ದಿನಗಳಲ್ಲಿ ನನಗೆ ಜೊತೆ ಎಂದರೆ ಸ್ತೋತ್ರದ ಪುಸ್ತಕ ಮತ್ತು ಕುಕ್ಕರ್. ಕಿಟಕಿ ತೆಗೆದರೆ ಕಾಣುತ್ತಿದ್ದುದು ಪಕ್ಕದ ಕಟ್ಟಡದ ಗೋಡೆ. ಬಿಸಿಲು ಯಾವ ಕಡೆಯಿಂದ ಬಂದು ಯಾವ ಕಡೆ ಹೋಗುತ್ತದೆ ಎಂದು ಸಹ ಗೊತ್ತಾಗುತ್ತಿರಲಿಲ್ಲ.

ಬಂದ ದಿನವೇ ನಾನು ಕೇಳಿದ್ದು, "ರೀ, ಪೂರ್ವ ಯಾವ ಕಡೆ? ದೇವರನ್ನ ಇಡಬೇಕಲ್ಲ."

ಅವರು ಬಾಗಿಲಲ್ಲಿ ನಿಂತು ಕೈ ಚಾಚಿದರು. "ಸಮುದ್ರ ಆ ಬದಿ ಉಂಟು. ಅಂದ್ರೆ ಅದು ಪಶ್ಚಿಮ. ಪೂರ್ವ ಈ ಬದಿ. ನೀನು ಈ ಗೋಡೆಗೆ ಇಡು."

ಅವರು ಉಡುಪಿ ಕಡೆಯವರು. ಕಡಲ ದಂಡೆಯಲ್ಲಿ ಆಡಿ ಬೆಳೆದವರು ಅಷ್ಟು ಖಚಿತವಾಗಿ ಹೇಳಿದ ಮೇಲೆ ಮತ್ತೆ ಕೇಳುವುದೇನಿದೆ. ಫೋನಿನಲ್ಲೇ ದಿಕ್ಕು ನೋಡಬಹುದೆಂಬುದು ಇಬ್ಬರಿಗೂ ಹೊಳೆಯಲಿಲ್ಲ. ನಾನು ಪೂರ್ವಕ್ಕೆ ಮುಖ ಮಾಡಿ ಕೂರುವಂತೆ ಆ ಗೋಡೆಗೆ ಹಲಗೆ ಹೊಡೆಸಿ, ತಾಯಿ ಚಾಮುಂಡಿಯ ಪಟ, ಅತ್ತೆ ಕೊಟ್ಟ ಪುಟ್ಟ ಕೃಷ್ಣನ ಮೂರ್ತಿ, ಒಂದು ಹಿತ್ತಾಳೆ ದೀಪ ಇಟ್ಟೆ. ಪರದೇಶದಲ್ಲಿ ದೇವರಿಗೊಂದು ಗೋಡೆ ಸಿಕ್ಕಿತಲ್ಲ, ಅದೇ ಭಾಗ್ಯ ಅಂದುಕೊಂಡೆ.

ಶುಕ್ರವಾರದ ತಿರುಗಾಟ ಎಂದರೆ ದೊಡ್ಡದೇನಲ್ಲ. ಬಿಸಿಲಿನ ತಿಂಗಳಾದ್ದರಿಂದ ಮಾಲ್‌ಗಳಿಗೆ ಹೋಗಿ ತಣ್ಣಗೆ ನಡೆಯುವುದು. ಏನೂ ಕೊಳ್ಳದೆ ಪಾತ್ರೆಗಳ ಸಾಲು, ಸೋಫಾಗಳ ಸಾಲು ನೋಡುವುದು. ಪ್ರದರ್ಶನಕ್ಕಿಟ್ಟ ಮಂಚದ ಅಂಚಿನಲ್ಲಿ ಅವರು ದೊಡ್ಡ ಬಂಗಲೆಯ ಯಜಮಾನರಂತೆ ಕೂತು, "ಇದು ಹಾಲ್‌ಗೆ ಬೇಡ ಮಾರಾಯ್ತಿ, ಮಾಳಿಗೆಯ ರೂಮಿಗೆ ಆದೀತು" ಅನ್ನುತ್ತಿದ್ದರು. ನಾನೂ ಬಿಡದೆ, "ಮಾಳಿಗೆಯಲ್ಲಿ ಆಗಲೇ ಎರಡಿದೆಯಲ್ರೀ" ಎನ್ನುತ್ತಿದ್ದೆ. ಹೈಪರ್‌ಮಾರ್ಕೆಟ್ಟಿನಲ್ಲಿ ತರಕಾರಿಯ ರಾಶಿಗಳ ನಡುವೆ ಟ್ರಾಲಿ ತಳ್ಳಿಕೊಂಡು ಹೋಗುವಾಗ ಬಸಳೆ ಕಂಡರೆ ಅವರಿಗೆ, ಸೀಮೆಬದನೆ ಕಂಡರೆ ನನಗೆ ಹಬ್ಬ. ಮೆಟ್ರೋದಲ್ಲಿ ಕೊನೆಯ ಸ್ಟೇಷನ್‌ವರೆಗೆ ಹೋಗಿ, ಇಳಿದು, ಅದೇ ಗಾಡಿಯಲ್ಲಿ ವಾಪಸು ಬಂದದ್ದೂ ಇದೆ. ಮನೆಗೆ ಬಂದ ಮೇಲೆ ಒಂದೇ ಇಯರ್‌ಫೋನಿನ ಒಂದೊಂದು ತುದಿ ಒಬ್ಬೊಬ್ಬರು ಕಿವಿಗೆ ಹಾಕಿಕೊಂಡು ಫೋನಿನಲ್ಲಿ ಧಾರಾವಾಹಿ. ಅವರ ಮಾತಿಗೆ ನಾನು ನಗುವುದು, ನನ್ನ ಮಾತಿಗೆ ಅವರು ನಗುವುದು.

"ನಿಮ್ಮ ಮೈಸೂರಲ್ಲಿ ಎಲ್ಲದಕ್ಕೂ 'ಕಣೇ, ಕಣೋ' ಸೇರಿಸುವುದು ಎಂತಕ್ಕೆ?"

"ನಿಮ್ಮ ಕಡೆ ಎಲ್ಲದಕ್ಕೂ 'ಎಂತ' ಅಂತಾರಲ್ಲ, ಅದೆಂತಕ್ಕೋ ಅದಕ್ಕೇ."

ಒಂದು ತೊಡಕು ಮಾತ್ರ ಇತ್ತು. ಶುಕ್ರವಾರ ಲಕ್ಷ್ಮಿಯ ದಿನ. ಮುಸ್ಸಂಜೆಗೆ ದೀಪ ಹಚ್ಚದೆ ನಾನು ಎಂದೂ ಇದ್ದವಳಲ್ಲ. ಅವರ ರಜೆಯೂ ಅಂದೇ. ಆಗ ಶುಕ್ರವಾರ ಮೆಟ್ರೋ ಶುರುವಾಗುತ್ತಿದ್ದುದೇ ಮಧ್ಯಾಹ್ನದ ಮೇಲೆ. ಹೊರಟು ಹೋಗಿ ಏನಾದರೂ ನೋಡುವಷ್ಟರಲ್ಲಿ ನಾನು ಗಡಿಯಾರ ನೋಡುತ್ತಿದ್ದೆ. ಅವರು ಒಂದು ದಿನವೂ ಬೇಸರಿಸಲಿಲ್ಲ. "ಯಲ್ಲಾ, ಹೋಗುವ, ಲಕ್ಷ್ಮಿ ಕಾಯ್ತಿದ್ದಾಳೆ" ಎಂದು ಚೀಲ ಎತ್ತಿಕೊಳ್ಳುತ್ತಿದ್ದರು. ಹೀಗಾಗಿ ಕತ್ತಲಾಗುವ ಹೊತ್ತಿಗೆ ನಾವು ಯಾವಾಗಲೂ ಮನೆಯೊಳಗೆ. ಸಮುದ್ರದ ದಂಡೆಗೆ ಹೋದರೂ ವಾರದ ಮಧ್ಯೆ, ಅವರು ಕೆಲಸ ಮುಗಿಸಿ ಬಂದ ಮೇಲೆ, ದೀಪಗಳ ಬೆಳಕಿನಲ್ಲಿ.

ಹಾಗೆ ಒಂದು ರಾತ್ರಿ ದಂಡೆಯಲ್ಲಿ ಕೂತು ಕರಕ್ ಚಹಾ ಕುಡಿಯುವಾಗ ಅವರು ನೆನಪು ತೆಗೆದರು. ನಮ್ಮ ಮದುವೆ ಆದದ್ದು ಜೂನ್ ತಿಂಗಳಲ್ಲಿ. ಸಮುದ್ರದಲ್ಲಿ ಸೂರ್ಯ ಮುಳುಗುವುದನ್ನು ನಾನು ಕಂಡೇ ಇಲ್ಲ ಅಂದಾಗ ಅವರು ತೋರಿಸುತ್ತೇನೆಂದು ಮಾತು ಕೊಟ್ಟಿದ್ದರು. ರಜೆ ಮುಗಿಯುವವರೆಗೂ ದಿನಾ ಸಂಜೆ ತಮ್ಮೂರಿನ ಕಡಲಿಗೆ ಕರೆದುಕೊಂಡು ಹೋದರು. ದಿನಾ ಮೋಡ. ಕೊನೆಗೆ ಅವರೊಬ್ಬರೇ ವಿಮಾನ ಹತ್ತಿ ದೋಹಾಕ್ಕೆ ಬಂದುಬಿಟ್ಟಿದ್ದರು.

"ಬರುವ ಶುಕ್ರವಾರ ಅಲ್ ವಕ್ರಾಕ್ಕೆ ಹೋಗುವ. ಒಳ್ಳೆ ಬೀಚ್ ಉಂಟಂತೆ. ಇಲ್ಲಿ ಮೋಡ ಮಾಫಿ, ಇಲ್ಲವೇ ಇಲ್ಲ. ಒಂದು ಸೂರ್ಯಾಸ್ತ ತೋರಿಸಿಬಿಡ್ತೇನೆ. ಆಮೇಲೆ…" ಎಂದು ನಿಲ್ಲಿಸಿದರು.

"ಆಮೇಲೆ ಏನು?"

"ಆಮೇಲೆ ನೀನು ಹೇಳ್ಬೇಕು. ಇರ್ತೀಯೋ ಹೋಗ್ತೀಯೋ ಅಂತ."

ಎರಡು ತಿಂಗಳಲ್ಲಿ ಮೊದಲ ಸಲ ಆ ಮಾತು ಹೊರಗೆ ಬಂದಿತ್ತು. ಹೇಳುತ್ತೇನೆ ಎಂದೆ. ನಿಜಕ್ಕೂ ನನಗೇ ತಿಳಿದಿರಲಿಲ್ಲ. ಅವರ ಜೊತೆ ಇರುವ ಗಂಟೆಗಳು ಸಕ್ಕರೆ. ಅವರಿಲ್ಲದ ಗಂಟೆಗಳಲ್ಲಿ ಗೋಡೆ ನೋಡಿಕೊಂಡು, ಶಿಶುವಿಹಾರದ ಮಕ್ಕಳ ಗಲಾಟೆ ನೆನೆದು ಕಣ್ಣು ತುಂಬುತ್ತಿತ್ತು.

ಸೂರ್ಯಾಸ್ತ ನೋಡಬೇಕಾದರೆ ಶುಕ್ರವಾರದ ದೀಪ ತಪ್ಪುತ್ತದೆ. ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಅಮ್ಮ ಸ್ವಲ್ಪ ಯೋಚಿಸಿ, "ನಿಮ್ಮಲ್ಲಿ ಮೂರೂವರೆ ಅಂದ್ರೆ ನಮ್ಮಲ್ಲಿ ಆರು ಗಂಟೆ ಅಲ್ವೇನೇ? ಮೈಸೂರು ಮುಸ್ಸಂಜೆಗೇ ಹಚ್ಬಿಡು. ನಮ್ಮ ತಾಯಿಗೆ ಇಲ್ಲಿ ಬೆಟ್ಟದ ಮೇಲಿನ ಹೊತ್ತು ತಾನೇ ಗೊತ್ತಿರೋದು" ಎಂದಳು. ನನ್ನ ಅಮ್ಮನಂಥ ಅಮ್ಮನನ್ನು ಕೊಟ್ಟದ್ದಕ್ಕೆ ದೇವರಿಗೆ ಎಷ್ಟು ಸಲ ಕೈ ಮುಗಿದರೂ ಸಾಲದು.

ಆ ಶುಕ್ರವಾರ ಮೈಸೂರಿನ ಮುಸ್ಸಂಜೆಗೆ, ಅಂದರೆ ದೋಹಾದ ಉರಿಬಿಸಿಲಿಗೆ, ಒಂದೇ ಚಮಚ ಎಣ್ಣೆ ಹಾಕಿ ದೀಪ ಹಚ್ಚಿದೆ. ಉರಿಯುವ ದೀಪ ಬಿಟ್ಟು ಬೀಗ ಹಾಕಲು ಅವರಿಗೆ ಭಯ, ಕಟ್ಟಡ ಹಳೆಯದು. ಅದು ತಾನಾಗಿ ಶಾಂತವಾಗುವವರೆಗೆ ಇಬ್ಬರೂ ಚಪ್ಪಲಿ ಹಾಕಿಕೊಳ್ಳಲು ಕಾದು ನಿಂತಿದ್ದು, ಆಮೇಲೆ ಮೆಟ್ರೋ ಹಿಡಿಯಲು ಓಡಿದೆವು.

ಅಲ್ ವಕ್ರಾದ ಹಳೆ ಸೂಕ್, ಅಂದರೆ ಪೇಟೆ, ದಾಟಿದರೆ ಮರಳು, ಅದರಾಚೆ ತೆಳು ನೀಲಿ ನೀರು. ಕುಟುಂಬಗಳು ಚಾಪೆ ಹಾಸಿಕೊಂಡು ಕೂತಿದ್ದವು. ನಾವೂ ನನ್ನ ಹಳೆಯ ದುಪಟ್ಟಾ ಹಾಸಿ, ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನದ ಡಬ್ಬಿ ಇಟ್ಟು, ನೀರಿಗೆ ಮುಖ ಮಾಡಿ ಕೂತೆವು. ಅವರಿಗೆ ಹುರುಪೋ ಹುರುಪು.

"ಮೊದಲು ಕೆಂಪಾಗ್ತದೆ. ಮತ್ತೆ ಅಡಿ ಚಪ್ಪಟೆ ಆಗ್ತದೆ, ನೀರು ದೋಸೆ ಮಡಚಿದ ಹಾಗೆ. ಆಗ ಕಣ್ಣು ಮುಚ್ಚಬಾರದು. ಮುಚ್ಚಿ ತೆಗೆದ್ರೆ ಖಲಾಸ್."

ನಾನು ನೀರು ನೋಡುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಬೆನ್ನು ಸುಡತೊಡಗಿತು. ನಮ್ಮಿಬ್ಬರ ನೆರಳು ಮುಂದೆ ಬಿದ್ದು, ಮರಳಿನ ಮೇಲೆ ಉದ್ದವಾಗುತ್ತಾ ನೀರಿನ ಕಡೆಗೇ ಹೊರಟಿತ್ತು. ನನಗೆ ಗೊತ್ತಾಗಿಹೋಯಿತು. ಹೇಳಲು ಮನಸ್ಸು ಬರಲಿಲ್ಲ. ಅವರು ಇನ್ನೂ ನೀರಿನ ಅಂಚಿನ ಕಡೆ ಬೆರಳು ತೋರಿಸಿ, "ಇಗೋ, ಅಲ್ಲಿ ಬರ್ತದೆ, ಆ ದೋಣಿ ಉಂಟಲ್ಲ, ಅದರ ಎಡಕ್ಕೆ" ಎನ್ನುತ್ತಿದ್ದರು.

ಪಕ್ಕದ ಚಾಪೆಯ ಮಲಯಾಳಿ ಅಜ್ಜಿಯೊಬ್ಬರು ನಮ್ಮನ್ನು ನೋಡುತ್ತಲೇ ಇದ್ದರು. ಕೊನೆಗೆ ತಡೆಯಲಾರದೆ ಹರಕು ಹಿಂದಿಯಲ್ಲಿ ಕೇಳಿದರು, "ಮಗಾ, ಏನನ್ನು ಕಾಯ್ತಿದ್ದೀರಿ?"

"ಸೂರ್ಯ ಮುಳುಗುವುದಕ್ಕೆ, ಅಮ್ಮಾ."

ಅಜ್ಜಿ ನಮ್ಮ ಬೆನ್ನ ಹಿಂದೆ ಕೈ ತೋರಿಸಿದರು. ನಮ್ಮವರು ತಿರುಗಿ ನೋಡಿದರು. ಸೂಕ್‌ನ ಮಣ್ಣುಬಣ್ಣದ ಗೋಡೆಗಳ ಮೇಲೆ, ಒಂದು ನೀರಿನ ಟ್ಯಾಂಕಿನ ಪಕ್ಕದಲ್ಲಿ, ಸೂರ್ಯ ಆಗಲೇ ಅರ್ಧ ಇಳಿದಿದ್ದ. ಅಜ್ಜಿಯೇ ಸಮಾಧಾನ ಹೇಳಿದರು. "ನಮ್ಮ ಊರಲ್ಲೂ ಸಮುದ್ರ ಅಂದ್ರೆ ಪಶ್ಚಿಮವೇ. ನನ್ನ ಗಂಡನೂ ಬಂದ ಹೊಸದರಲ್ಲಿ ಹೀಗೇ ಕೂರಿಸಿದ್ದರು. ಇಲ್ಲಿ ಕಡಲು ಪೂರ್ವಕ್ಕೆ, ಮಗಾ. ಮುಳುಗುವುದು ನೋಡಬೇಕಂದ್ರೆ ಆಚೆ ದಂಡೆ, ದುಖಾನ್ ಕಡೆ ಹೋಗಬೇಕು."

ನಮ್ಮವರ ಮುಖ ಪೆಚ್ಚಾಯಿತು. ಒಂದು ನಿಮಿಷ ಬಿಟ್ಟು ಇನ್ನೂ ಪೆಚ್ಚಾಯಿತು.

"ಹಾಗಾದ್ರೆ ನಿನ್ನ ದೇವರು?"

ನನಗೂ ಆಗಲೇ ಹೊಳೆದದ್ದು. ಎರಡು ತಿಂಗಳಿಂದ ಪೂರ್ವವೆಂದು ನಂಬಿ ನಾನು ಪಶ್ಚಿಮಕ್ಕೆ ಮುಖ ಮಾಡಿ ಪೂಜೆ ಮಾಡುತ್ತಿದ್ದೆ. ಅಲ್ಲೇ ಕೂತು ಅಮ್ಮನಿಗೆ ಫೋನ್ ಹಚ್ಚಿದೆ. ಅಮ್ಮ ಎಲ್ಲ ಕೇಳಿ, "ನೀನು ಪಶ್ಚಿಮಕ್ಕೆ ಕೂತ್ರೆ ದೇವರು ಪೂರ್ವಕ್ಕೆ ಮುಖ ಮಾಡಿದ ಹಾಗಾಯ್ತಲ್ಲ. ಇನ್ನೇನು ಬೇಕು? ಗುಡಿಯಲ್ಲಿ ಹಾಗೇ ತಾನೇ ಇರೋದು. ದಕ್ಷಿಣ ಆಗ್ಲಿಲ್ವಲ್ಲ, ಪುಣ್ಯ. ಅಳಿಯಂದಿರಿಗೆ ಏನೂ ಅನ್ಬೇಡ" ಎಂದು ಫೋನ್ ಇಟ್ಟಳು.

ನಾನು ಡಬ್ಬಿ ತೆಗೆದೆ. ಚಿತ್ರಾನ್ನ ತಿಂದೆವು. ಅಜ್ಜಿಗೂ ಒಂದಿಷ್ಟು ಕೊಟ್ಟೆ. ಅಜ್ಜಿ ಬಾಳೆಕಾಯಿ ಚಿಪ್ಸ್ ಕೊಟ್ಟರು. ವಾಪಸು ಮೆಟ್ರೋದಲ್ಲಿ ಕೂತಾಗ ನಮ್ಮವರು ಮಡಿಲಲ್ಲಿ ಖಾಲಿ ಡಬ್ಬಿ ಇಟ್ಟುಕೊಂಡು ಅದರ ಮುಚ್ಚಳ ತೆಗೆಯುವುದು, ಹಾಕುವುದು.

"ಒಂದು ಸೂರ್ಯನನ್ನು ತೋರಿಸ್ಲಿಕ್ಕೆ ಆಗ್ಲಿಲ್ಲ ನನ್ನಿಂದ. ದೇವರನ್ನೂ ತಿರುಗಿಸಿ ಇಡಿಸಿದೆ. ನೀನು ಊರಿಗೆ ಹೋಗುದೇ ಒಳ್ಳೆಯದು. ಆ ರೂಮಲ್ಲಿ ಗೋಡೆ ನೋಡಿಕೊಂಡು ಎಂತಕ್ಕೆ ಇರ್ಬೇಕು ನೀನು? ನಾನು ಬೇಜಾರು ಮಾಡುದಿಲ್ಲ."

ಹೇಳುವಾಗ ನನ್ನ ಕಡೆ ನೋಡಲಿಲ್ಲ. ಎದುರಿನ ಕಿಟಕಿಯ ಗಾಜಿನಲ್ಲಿ ಅವರ ಮುಖ ಕಾಣುತ್ತಿತ್ತು. ನಾನು ಎರಡು ತಿಂಗಳಿಂದ ಅಳೆದು ಸುರಿದು ಮಾಡುತ್ತಿದ್ದೆನಲ್ಲ, ಇರಬೇಕೋ ಹೋಗಬೇಕೋ ಎಂದು, ಆ ಗೊಂದಲ ಅಲ್ಲಿಗೆ ಮುಗಿಯಿತು. ಇಷ್ಟು ದಿನ ನಾನು ಗೋಡೆ ನೋಡುವುದು ಅವರಿಗೆ ಗೊತ್ತೇ ಇಲ್ಲ ಅಂದುಕೊಂಡಿದ್ದೆ. ಗೊತ್ತಿತ್ತು. ಗೊತ್ತಿದ್ದೇ ಪ್ರತಿ ಶುಕ್ರವಾರ ಆ ಗೋಡೆಯನ್ನು ಒಂದಿಷ್ಟು ಆಚೆ ತಳ್ಳಲು ನೋಡುತ್ತಿದ್ದರು. ಪಕ್ಕದಲ್ಲಿ ಇಂಥವರು ಇದ್ದ ಮೇಲೆ ನಾನು ದೇವರಲ್ಲಿ ಇನ್ನೇನು ಕೇಳಲಿ.

"ದುಖಾನ್‌ಗೆ ಹೋಗೋದು ಹೇಗ್ರೀ?" ಎಂದೆ.

"ದೂರ ಉಂಟು. ಕಾರ್ ಬೇಕು. ನನಗೆ ಲೈಸೆನ್ಸೇ ಇಲ್ಲವಲ್ಲ."

"ತಗೊಳ್ಳಿ."

"ಇಲ್ಲಿ ಲೈಸೆನ್ಸ್ ಅಂದ್ರೆ ಸುಲಭ ಎಣಿಸಿದ್ಯಾ? ಕ್ಲಾಸು, ಸಿಗ್ನಲ್ ಟೆಸ್ಟು, ಪಾರ್ಕಿಂಗು, ರೋಡ್ ಟೆಸ್ಟು. ಆಫೀಸಲ್ಲಿ ಒಬ್ಬ ಫೇಲಾಗಿ ಫೇಲಾಗಿ ವರ್ಷ ಕಳೆದ."

"ಆಗಲಿ ಬಿಡಿ. ನನಗೇನು ಅವಸರ? ನೀವು ಲೈಸೆನ್ಸ್ ತಗೊಂಡು ತೋರಿಸೋವರೆಗೂ ನಾನು ಊರಿಗೆ ಹೋಗಲ್ಲ."

ಅವರು ತಿರುಗಿ ನೋಡಿದರು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಹಾಕಿ, "ಹೌದಾ" ಎಂದರು. ಅಷ್ಟೇ. ನಮ್ಮ ಸ್ಟೇಷನ್ ಬಂದುಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಟಿಕೆಟ್ ರದ್ದಾಯಿತು, ಉಳಿಯುವ ವೀಸಾಕ್ಕೆ ಅರ್ಜಿ ಹೋಯಿತು. ದೊಡ್ಡ ಟೀಚರಿಗೆ ಫೋನ್ ಮಾಡಿ, ಜಾಗ ಬೇರೆಯವರಿಗೆ ಕೊಟ್ಟುಬಿಡಿ ಎಂದೆ. "ಒಳ್ಳೇದಾಗ್ಲಿ ಕಣಮ್ಮ" ಎಂದು ಹರಸಿದರು. ನಮ್ಮವರು ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಬೆಳಿಗ್ಗೆ ಆಫೀಸಿಗೆ ಮೊದಲು ಕ್ಲಾಸು. ಕೋಣೆಯಲ್ಲಿ ನಾನೇ ಸಿಗ್ನಲ್‌ಗಳ ಚಿತ್ರ ಹಿಡಿದು ಪರೀಕ್ಷೆ ಕೇಳುತ್ತಿದ್ದೆ. ಶಿಶುವಿಹಾರದ ಅಭ್ಯಾಸ, ತಪ್ಪು ಹೇಳಿದರೆ ಕಿವಿ ಹಿಡಿಸುತ್ತಿದ್ದೆ.

ಮೊದಲ ರೋಡ್ ಟೆಸ್ಟಿನ ದಿನ ಮಧ್ಯಾಹ್ನ ಬಾಗಿಲು ತೆಗೆದಾಗ ಅವರ ಮುಖದಲ್ಲಿ ನಗು. ಪಾಸಾಯಿತೆಂದೇ ತಿಳಿದೆ.

"ಫೇಲ್. ರೌಂಡ್‌ಎಬೌಟಲ್ಲಿ ತಪ್ಪಿತು. ಇನ್ನೊಂದು ಟೆಸ್ಟಿಗೆ ಎರಡು ತಿಂಗಳಾದ್ರೂ ಕಾಯ್ಬೇಕು" ಎಂದು, ಸಿಹಿಸುದ್ದಿ ಹೇಳುವವರ ಹಾಗೆ ಹೇಳಿದರು.

ನಾನು ಒಳಗೆ ಹೋಗಿ ಶಾವಿಗೆ ಹುರಿಯಲು ಇಟ್ಟೆ. ಆಗಲೇ ಅಮ್ಮನ ಫೋನ್ ಬಂತು. ವಿಷಯ ಕೇಳಿ ಅಮ್ಮ, "ಗಂಡ ಫೇಲಾದ್ರೆ ಯಾರಾದ್ರೂ ಪಾಯಸ ಮಾಡ್ತಾರೇನೇ?" ಎಂದಳು. ನಾನು ಉತ್ತರ ಹೇಳುವ ಮೊದಲೇ ಅವರು ಬಟ್ಟಲು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು.

"ದ್ರಾಕ್ಷಿ ಸ್ವಲ್ಪ ಜಾಸ್ತಿ ಹಾಕು ಮಾರಾಯ್ತಿ" ಎಂದರು.